ಕೆಂಪು ಬಲ್ಬು, ಹಸಿರು ಬಲ್ಬು, ಒಂದು ಲಾರಿ ಸಂತ್ರಾ

ಇದು ೨೦೦೩ರ ಡಿಸೆಂಬರ್‌ನಿಂದ ೨೦೦೪ರ ಮಾರ್ಚ್‌ವರೆಗೆ ನಾಗಪುರದಲ್ಲಿ ನಡೆದದ್ದು. ತಪ್ಪು ಹುಡುಕುವುದೇ ಕೆಲಸವಾಗಿರುವ ಕಡೆ ನಗುವುದಕ್ಕೆ ಬೇರೇನನ್ನೂ ಹುಡುಕಬೇಕಾಗುವುದಿಲ್ಲ. ಅದು ತಾನಾಗಿಯೇ ಬರುತ್ತದೆ, ಹೆಚ್ಚಾಗಿ ಊಟದ ಹೊತ್ತಿಗೆ.

ನಾನು ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ ಸೀತಾಬರ್ಡಿ ಪೇಟೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದೆ. ಮಿಠಾಯಿ ಅಂಗಡಿಯ ಮೇಲೆ ಎರಡು ಕೋಣೆ. ಬೆಳಗ್ಗೆ ಅಲ್ಲಿ ಟೈಪಿಂಗ್ ಕ್ಲಾಸ್, ಆಮೇಲೆ ಸಾಫ್ಟ್‌ವೇರ್. ಸಾಫ್ಟ್‌ವೇರಿಗೆ ನಾವು ಮೂರೇ ಜನ. ಒಬ್ಬರು ಮಾಲೀಕರು, ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇನ್ನೊಬ್ಬರು ಪ್ರೋಗ್ರಾಮ್ ಬರೆಯುವ ಸೀನಿಯರ್. ಅವರು ಬರೆದದ್ದನ್ನು ಪರೀಕ್ಷಿಸುವವಳು ನಾನು. ಆಫೀಸಿನ ಮಾತು ಮರಾಠಿ ಮತ್ತು ಹಿಂದಿ ಕಲಸಿದ್ದು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾವು ಮಾಡುತ್ತಿದ್ದದ್ದು ವೇಬ್ರಿಡ್ಜ್‌ನ ಪ್ರೋಗ್ರಾಮ್. ವೇಬ್ರಿಡ್ಜ್ ಅಂದರೆ ಲಾರಿಯನ್ನು ಸರಕಿನ ಸಮೇತ ತೂಗುವ ದೊಡ್ಡ ತಕ್ಕಡಿ. ಲಾರಿ ಅದರ ಮೇಲೆ ಹತ್ತಿ ನಿಂತರೆ ನಮ್ಮ ಪ್ರೋಗ್ರಾಮ್ ತೂಕ ಓದಿ ಚೀಟಿ ಮುದ್ರಿಸಬೇಕು. ಊರಾಚೆ ಬುಟಿಬೋರಿಯಲ್ಲಿ ಸಂತ್ರಾ, ಅಂದರೆ ಕಿತ್ತಳೆ, ಹಣ್ಣಿನ ರಸ ತೆಗೆಯುವ ಒಂದು ಫ್ಯಾಕ್ಟರಿ ಅದನ್ನು ನೋಡಿ ಒಪ್ಪಬೇಕಿತ್ತು.

"ಅವರು ಒಪ್ಪಿದರೆ ನಿನ್ನ ನೌಕರಿ ಖಾಯಂ, ಬೇಟಾ," ಎಂದಿದ್ದರು ಸಾಹೇಬರು. "ಇಲ್ಲದಿದ್ದರೆ ಮೂವರೂ ಟೈಪಿಂಗ್ ಕಲಿಸೋಣ."

ಮನೆಯಲ್ಲೂ ಅದೇ ಮಾತು. ಅಪ್ಪ ಬ್ಯಾಂಕಿನವರು. ಅವರಿಗೆ ಗದಗಕ್ಕೆ ವರ್ಗ ಆಗಿತ್ತು.

"ಎಪ್ರಿಲ್‌ದಾಗ ನಾವು ಹೊಂಡೂದು," ಎಂದರು ಅಪ್ಪ. "ನೌಕರಿ ಖಾಯಂ ಆತಂದ್ರ ಇಲ್ಲೇ ಕೋರಾಡಿ ಕಾಲನಿಯೊಳಗ ನಿಮ್ಮ ಚಿಗವ್ವನ ಮನ್ಯಾಗ ಇರು. ಇಲ್ಲಂದ್ರ ನೀನೂ ಪೆಟಿಗಿ ಕಟ್ಟು. ಬರೋಬರ್ ಐತಿಲ್ಲೋ?"

ಬರೋಬರ್ ಇತ್ತು, ಮಾತು ಸರಿಯೇ. ನನಗೆ ಗದಗದ ಮೇಲೆ ಸಿಟ್ಟಿರಲಿಲ್ಲ. ಆದರೆ ಹುಟ್ಟಿದ್ದು, ಓದಿದ್ದು ನಾಗಪುರ. ಮೊದಲ ನೌಕರಿಯೂ ನಾಗಪುರವೇ. ಬಿಟ್ಟು ಹೋಗಲು ಮನಸ್ಸಿರಲಿಲ್ಲ.

೧. ಯಾವಾಗಲೂ ಪಾಸು

ನಮ್ಮ ಪರೀಕ್ಷೆ ಕೈಯಿಂದ ಮಾಡುವಂಥದ್ದಲ್ಲ. ಒಂದು ಪ್ರೋಗ್ರಾಮನ್ನು ಪರೀಕ್ಷಿಸಲು ಇನ್ನೊಂದು ಪ್ರೋಗ್ರಾಮ್ ಬರೆಯುತ್ತೇವೆ. ಅದಕ್ಕೆ ಟೆಸ್ಟ್ ಎಂದು ಹೆಸರು. ಅದು ಮೊದಲನೆಯದಕ್ಕೆ ಸಾಲಾಗಿ ಪ್ರಶ್ನೆ ಕೇಳುತ್ತದೆ. ಬಂದ ಉತ್ತರವನ್ನು ನಾವು ಮುಂಚೆಯೇ ಬರೆದಿಟ್ಟ ಸರಿ ಉತ್ತರದ ಜೊತೆ ಹೋಲಿಸುತ್ತದೆ. ಎಲ್ಲ ಹೊಂದಿದರೆ ಪರದೆಯ ಮೇಲೆ ಹಸಿರು ಪಟ್ಟಿ. ಒಂದು ತಪ್ಪಿದರೂ ಕೆಂಪು ಪಟ್ಟಿ.

ನಾನು ಸೇರುವ ಮುಂಚೆ ಸೀನಿಯರ್ ತಾವೇ ಒಂದಷ್ಟು ಟೆಸ್ಟ್ ಬರೆದಿಟ್ಟಿದ್ದರು. ಓಡಿಸಿದೆ. ಎಲ್ಲ ಹಸಿರು. ಒಳಗೆ ಓದುತ್ತ ಹೋದೆ. ಒಂದು ಕಡೆ ತುಂಬಿದ ಲಾರಿ ಒಂಬತ್ತು ಟನ್, ಖಾಲಿ ಲಾರಿ ನಾಲ್ಕು ಟನ್ ಎಂದಿತ್ತು. ಸರಕು ಎಷ್ಟು ಎಂಬುದಕ್ಕೆ ಉತ್ತರ ಮೈನಸ್ ಐದು.

"ಸರ್, ಇಲ್ಲಿ ಸರಕು ಮೈನಸ್ ಐದು ಟನ್ ಬಂದಿದೆ," ಎಂದೆ.

"ಟೆಸ್ಟ್ ಏನನ್ನುತ್ತದೆ?"

"ಪಾಸ್ ಅನ್ನುತ್ತದೆ."

"ಮತ್ತೇನು ನಿನ್ನ ತಕರಾರು?"

"ಸರಿ ಉತ್ತರದ ಜಾಗದಲ್ಲೂ ಮೈನಸ್ ಐದು ಅಂತಲೇ ಬರೆದಿದ್ದೀರಿ."

"ಹೌದು. ಪ್ರೋಗ್ರಾಮನ್ನು ಓಡಿಸಿ ನೋಡಿದೆ, ಮೈನಸ್ ಐದು ಅಂತು. ಅದನ್ನೇ ತಂದು ಅಂಟಿಸಿದೆ."

"ಸರಿ ಉತ್ತರವನ್ನು ನಾವು ಲೆಕ್ಕ ಮಾಡಿ ಬರೆಯಬೇಕಲ್ಲವಾ ಸರ್?"

ಸೀನಿಯರ್ ಕುರ್ಚಿ ತಿರುಗಿಸಿದರು. "ಅರೇ ಸೈಂಟಿಸ್ಟ್, ಲೆಕ್ಕ ನನಗೇ ಬಂದಿದ್ದರೆ ಪ್ರೋಗ್ರಾಮ್ ಯಾಕೆ ಬರೆಯುತ್ತಿದ್ದೆ?"

ಬಿ.ಎಸ್ಸಿ. ಮಾಡಿದ್ದಕ್ಕೆ ಅವರು ನನಗಿಟ್ಟ ಹೆಸರು ಸೈಂಟಿಸ್ಟ್. ಹೊಗಳಿಕೆಯಲ್ಲ.

ಇನ್ನೊಂದು ವಿಷಯವೂ ಕಂಡಿತು. ಅವರ ಟೆಸ್ಟುಗಳು ಯಾವ ತಪ್ಪು ಬಂದರೂ ಹಿಡಿದು, ಸದ್ದಿಲ್ಲದೆ ನುಂಗಿ, ಪಾಸ್ ಎಂದು ಹೇಳುವಂತೆ ಬರೆದಿದ್ದವು. ಖಾತ್ರಿ ಮಾಡಿಕೊಳ್ಳಲು ಒಂದು ಪ್ರಯೋಗ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಒಂದು ನಕಲು ತೆಗೆದುಕೊಂಡು, ತೂಕ ಲೆಕ್ಕ ಮಾಡುವ ಮಾಡ್ಯೂಲಿನ, ಅಂದರೆ ಪ್ರೋಗ್ರಾಮಿನ ಆ ಭಾಗದ, ಸಾಲುಗಳನ್ನೆಲ್ಲ ಅಳಿಸಿದೆ. ಟೆಸ್ಟ್ ಓಡಿಸಿದೆ. ಹಸಿರು.

ಸೀನಿಯರನ್ನು ಕರೆದು ತೋರಿಸಿದೆ. "ಸರ್, ನಿಮ್ಮ ಕೋಡಿನ ಒಂದು ಸಾಲೂ ಇಲ್ಲ. ಆದರೂ ಪಾಸ್."

ಅವರು ಬಗ್ಗಿ ನೋಡಿದರು. ಮುಖ ಅರಳಿತು. ಒಳಗಿನ ಕೋಣೆಗೆ ಕೇಳುವಂತೆ ಕೂಗಿದರು. "ಸಾಹೇಬ್! ಮೊದಲಿಗಿಂತ ಜಲ್ದಿ ಓಡುತ್ತಿದೆ!"

೨. ಬಲ್ಬು

ಹಳೆಯ ಟೆಸ್ಟುಗಳನ್ನು ತೆಗೆದು ನಾನು ಹೊಸದಾಗಿ ಬರೆದೆ. ಪಟ್ಟಿ ಕೆಂಪಾಯಿತು. ಹಲವು ದಿನ ಕೆಂಪಾಗಿಯೇ ಇತ್ತು.

ಸಾಹೇಬರಿಗೆ ಪ್ರತಿ ಸಲ ನನ್ನ ಪರದೆಯ ತನಕ ಬಂದು ನೋಡುವುದು ಬೇಸರವಾಯಿತು. "ಬೇಟಾ, ನೀನು ಫಿಸಿಕ್ಸ್‌ನವಳು. ಬಾಗಿಲ ಮೇಲೆ ಎರಡು ಬಲ್ಬು ಹಾಕು. ಒಂದು ಕೆಂಪು, ಒಂದು ಹಸಿರು. ನಾನು ಮೆಟ್ಟಿಲು ಹತ್ತುವಾಗಲೇ ತಿಳಿಯಬೇಕು, ಒಳಗೆ ಬರುವುದೋ ಅಥವಾ ಹಾಗೇ ತಿರುಗಿ ಮನೆಗೆ ಹೋಗುವುದೋ ಅಂತ."

ಪ್ರಿಂಟರಿನ ತಂತಿ ಸಿಕ್ಕಿಸುವ ಜಾಗದಿಂದ ಸಂಪರ್ಕ ಕೊಟ್ಟು, ನಡುವೆ ರಿಲೇ ಎಂಬ ತಾನಾಗಿ ಒತ್ತುವ ಸ್ವಿಚ್ಚು ಇಟ್ಟು, ಬಲ್ಬು ಹಾಕಿದೆ. ಟೆಸ್ಟ್ ತಪ್ಪಿದರೆ ಕೆಂಪು, ಪಾಸಾದರೆ ಹಸಿರು. ಚೆನ್ನಾಗಿ ಕೆಲಸ ಮಾಡಿತು.

ನಮ್ಮ ಪಕ್ಕದ ಬಾಗಿಲು ಹಲ್ಲಿನ ಡಾಕ್ಟರದು. ಅವರ ಬೋರ್ಡು ಸಣ್ಣದು. ನಮ್ಮ ಬಲ್ಬು ದೊಡ್ಡದು.

ಮೊದಲ ದಿನ ಹನ್ನೊಂದರ ಹೊತ್ತಿಗೆ ಒಬ್ಬ ಗೃಹಸ್ಥರು ಬಂದು ನಮ್ಮ ಹೊರಗಿನ ಬೆಂಚಿನ ಮೇಲೆ ಕೂತರು. ಕೆನ್ನೆ ಊದಿತ್ತು, ಮಫ್ಲರ್ ಸುತ್ತಿದ್ದರು. ಕೆಂಪು ಬಲ್ಬು ನೋಡಿದರು, ಕೈ ಕಟ್ಟಿಕೊಂಡರು. ಫ್ಯಾಕ್ಟರಿಯವರು ಯಾರೋ ಇರಬೇಕೆಂದು ಸಾಹೇಬರು ಚಹಾ ಕಳಿಸಿದರು. ಅವರು ಕುಡಿಯಲಾಗುವುದಿಲ್ಲವೆಂದು ಕೆನ್ನೆ ತೋರಿಸಿದರು. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರೂ ಬಲ್ಬು ನೋಡಿ ದನಿ ತಗ್ಗಿಸಿದರು. "ಒಳಗೆ ಆಪರೇಷನ್ ನಡೆದಿದೆ," ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು. ಸೀನಿಯರ್ ಕೀಬೋರ್ಡಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು. ಬೆಂಚಿನವರ ಮಾತು ಸುಳ್ಳೇನೂ ಅಲ್ಲ ಅನ್ನಿಸಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಕೊನೆಗೂ ತಪ್ಪು ಸಿಕ್ಕಿತು. ಟೆಸ್ಟ್ ಓಡಿಸಿದೆವು. ಹೊರಗೆ ಹಸಿರು ಬಲ್ಬು ಹತ್ತಿತು.

ಮಫ್ಲರಿನವರು ಎದ್ದು ನೇರ ಒಳಗೆ ಬಂದರು. ಬಾಗಿಲಿಗೆ ಹತ್ತಿರ ಇದ್ದದ್ದು ಸೀನಿಯರ್‌ನ ಕುರ್ಚಿ. ಅವರ ಮುಂದೆ ನಿಂತು, ಮಫ್ಲರ್ ಬಿಚ್ಚಿ, ಬಾಯಿ ದೊಡ್ಡದಾಗಿ ತೆರೆದು, ಬೆರಳಿನಿಂದ ಹಿಂದಿನ ಹಲ್ಲು ತೋರಿಸಿದರು.

ಸೀನಿಯರ್ ಗಾಬರಿಯಾಗಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಒಳಗೆ ಇಣುಕಿ ನೋಡಿ ಹೇಳಿದರು:

"ಇದು ನನ್ನ ಮಾಡ್ಯೂಲ್ ಅಲ್ಲ."

೩. ಹಳದಿ-ಕುಂಕುಮ

ಸಂಕ್ರಾಂತಿ ಆದ ಮೇಲೆ ನಾಗಪುರದ ಕನ್ನಡದವರ ಮನೆಗಳಲ್ಲೂ ಅಲ್ಲಿಯವರ ಹಾಗೆ ಹಳದಿ-ಕುಂಕುಮಕ್ಕೆ, ಅಂದರೆ ಅರಿಶಿನ-ಕುಂಕುಮಕ್ಕೆ, ಹೆಂಗಸರನ್ನು ಕರೆಯುವ ರೂಢಿ. ಅವ್ವ ನನ್ನನ್ನೂ ಕರೆದುಕೊಂಡು ಹೋದರು. ಧಾರವಾಡದ ಕಡೆಯವರ ಮನೆ. ಎಳ್ಳುಂಡೆ ಕೊಡುತ್ತ ಆ ಮನೆಯ ಸೊಸೆ ಕೇಳಿದರು, "ಮಗಳು ಏನ ಕೆಲಸಾ ಮಾಡ್ತಾಳ್ರಿ?"

ಅವ್ವನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ಕೆಲಸ ಸರಿಯಾಗಿ ಗೊತ್ತಿತ್ತು. "ಬ್ಯಾರೇದವರು ಮಾಡಿದ್ದರಾಗ ತಪ್ಪು ಹುಡುಕೂದ್ರಿ."

"ದಿನಾ?"

"ದಿನಾ. ಹಗಲೆಲ್ಲಾ ಅದss."

"ಅದಕ್ಕ ಪಗಾರ ಬ್ಯಾರೆ ಕೊಡ್ತಾರ? ನಮ್ಮತ್ತಿಯವರು ಹತ್ತೊರ್ಷದಿಂದ ಪುಕ್ಕಟೆ ಮಾಡಾಕತ್ತಾರಲ್ರಿ!"

ಕೂತಿದ್ದವರೆಲ್ಲ ನಕ್ಕರು. ಮೂಲೆಯಲ್ಲಿ ಕೂತಿದ್ದ ಅತ್ತೆ ನಗಲಿಲ್ಲ. ಎಳ್ಳುಂಡೆ ಒಂದು ಕಚ್ಚಿ, ನಿಧಾನವಾಗಿ ಅಗಿದು, ನನ್ನ ಕಡೆ ತಿರುಗಿ ಕೇಳಿದರು:

"ಅಲ್ಲವಾ ತಂಗಿ, ನೀ ಹುಡುಕಿದ್ದನ್ನ ನಿಮ್ಮ ಆಫೀಸಿನ್ಯಾಗ ಒಬ್ಬರರ ತಿದ್ದಿಕೊಂತಾರೇನು?"

ಇಲ್ಲ ಎಂದೆ.

"ಇಲ್ಲೂ ಹಂಗss ಐತಿ," ಎಂದರು.

೪. ಯಾರೂ ಮುಟ್ಟಬೇಡಿ

ಉತ್ತರ ಸರಿ ಬಂದರೆ ಸಾಲದು, ಬೇಗ ಬರಬೇಕು. ಲಾರಿ ನಿಂತ ಹತ್ತು ಸೆಕೆಂಡಿನಲ್ಲಿ ಚೀಟಿ ಕೈಗೆ ಬರಬೇಕೆಂದು ಫ್ಯಾಕ್ಟರಿಯವರ ಷರತ್ತು. ಹಾಗಾಗಿ ವೇಗ ಅಳೆಯುವ ಇನ್ನೊಂದು ಪ್ರೋಗ್ರಾಮ್ ಬರೆದೆ. ಅದು ಸಾವಿರಾರು ಸುಳ್ಳು ಲಾರಿಗಳನ್ನು ಒಂದರ ಹಿಂದೆ ಒಂದು ಕಳಿಸಿ, ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಿತ್ತು. ಮುಗಿಯಲು ಒಂದು ಗಂಟೆ ಬೇಕು.

ಅಳೆಯುವಾಗ ಕಂಪ್ಯೂಟರ್ ಬೇರೆ ಕೆಲಸ ಮಾಡಬಾರದು. ಅದಕ್ಕೆಂದೇ ಒಂದು ಕಂಪ್ಯೂಟರನ್ನು ಒಳಗಿನ ಕೋಣೆಯಲ್ಲಿ ಬೇರೆಯಾಗಿ ಇಟ್ಟು, ಮೇಲೆ ಮೂರು ಭಾಷೆಯಲ್ಲಿ ಬರೆದು ಅಂಟಿಸಿದೆ: ಯಾರೂ ಮುಟ್ಟಬೇಡಿ. ಓಡಿಸಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ಬಂದೆವು.

ಫಲಿತಾಂಶ ವಿಚಿತ್ರವಾಗಿತ್ತು. ಮೊದಲ ಹತ್ತು ನಿಮಿಷ ವೇಗ ಚೆನ್ನಾಗಿತ್ತು. ಆಮೇಲೆ ಅರ್ಧಕ್ಕಿಂತ ಕಡಿಮೆ. ಮತ್ತೆ ಓಡಿಸಿದೆ. ಹಾಗೆಯೇ.

"ಕರೆಂಟು ಕಡಿಮೆ ಇದೆ," ಎಂದರು ಸೀನಿಯರ್. "ಇಲ್ಲ, ಕೂಲರಿನ ನೀರು ಬದಲಿಸಬೇಕು." "ಇಲ್ಲ, ಆ ಮೂಲೆಯೇ ಸರಿ ಇಲ್ಲ."

ನಾನು ಒಂದೊಂದನ್ನೇ ಬದಲಿಸಿ ನೋಡಿದೆ. ಬೆಳಗ್ಗೆ, ಮಧ್ಯಾಹ್ನ. ಕೂಲರ್ ಇಟ್ಟು, ತೆಗೆದು. ಮೂಲೆ ಬದಲಿಸಿ. ವ್ಯತ್ಯಾಸ ಆಗಲಿಲ್ಲ. ಒಂದೇ ಒಂದು ಸಂಗತಿ ಹೊಂದಿಕೆಯಾಯಿತು. ಸಾಹೇಬರು ಒಳಗಿನ ಕೋಣೆಗೆ ಹೋದಾಗಲೆಲ್ಲ ಪ್ರೋಗ್ರಾಮ್ ವೇಗವಾಗಿ ಓಡುತ್ತಿತ್ತು. ಅವರು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ನಿಧಾನವಾಗುತ್ತಿತ್ತು.

ಇದನ್ನು ನಾನು ಹೇಳಬಾರದಿತ್ತು. ಹೇಳಿದೆ.

ಸಾಹೇಬರಿಗೆ ಆಶ್ಚರ್ಯವೇ ಆಗಲಿಲ್ಲ. "ನನಗೆ ಮೊದಲಿನಿಂದ ಗೊತ್ತಿತ್ತು," ಎಂದರು. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಆ ಕಂಪ್ಯೂಟರಿನ ಎದುರು ಕುರ್ಚಿ ಹಾಕಿ ಕೂತರು. ಗಂಟೆಯುದ್ದಕ್ಕೂ ವೇಗ ಒಂದೇ ಸಮ. ಬುಟಿಬೋರಿಗೆ ಪ್ರೋಗ್ರಾಮ್ ಹಾಕಿದ ಮೇಲೆ ತಾವೂ ಅಲ್ಲೇ ದಿನಾ ಕೂರಬೇಕಾಗುತ್ತದೋ ಏನೋ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟರು.

ನನಗೆ ಸಮಾಧಾನವಾಗಲಿಲ್ಲ. ಮರುದಿನ ಎಲ್ಲರನ್ನೂ ಹೊರಗೆ ಕಳಿಸಿ, ನಾನು ಮಾತ್ರ ಒಳಗೆ ಬೀರುವಿನ ಪಕ್ಕ ನಿಂತೆ. ಏನನ್ನೂ ಮುಟ್ಟಲಿಲ್ಲ. ಹತ್ತು ನಿಮಿಷ ಆಯಿತು. ಪರದೆ ಕಪ್ಪಾಯಿತು. ಒಂದು ಮೂಲೆಯಿಂದ ಬಣ್ಣಬಣ್ಣದ ಪೈಪುಗಳು ಬೆಳೆಯತೊಡಗಿದವು. ಒಂದು ಈ ಕಡೆ ತಿರುಗಿತು, ಇನ್ನೊಂದು ಆ ಕಡೆ. ಸ್ಕ್ರೀನ್‌ಸೇವರ್. ಯಾರೂ ಮುಟ್ಟದಿದ್ದರೆ ತಾನಾಗಿ ಶುರುವಾಗುವ ಚಿತ್ರ. ನಮ್ಮ ಹಳೆಯ ಕಂಪ್ಯೂಟರ್ ತನ್ನ ಅರ್ಧ ಕೆಲಸ ಬಿಟ್ಟು ಪೈಪು ಬಿಡಿಸುತ್ತಿತ್ತು.

ಸಾಹೇಬರಿಗೆ ಒಂದು ಅಭ್ಯಾಸ. ಯಾವ ಕಂಪ್ಯೂಟರಿನ ಹತ್ತಿರ ಹೋದರೂ, ಕೂತರೂ, ಅದಕ್ಕೆ ಜೀವ ಇದೆಯೋ ಇಲ್ಲವೋ ಎಂದು ಆಗಾಗ ಮೌಸ್ ಅಲುಗಿಸುತ್ತಿದ್ದರು. ಅಲುಗಿಸಿದಾಗ ಪೈಪು ಮಾಯ.

ಅವರನ್ನು ಕರೆದು ತೋರಿಸಿದೆ. ಪೈಪುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಇದನ್ನು ತೆಗೆದುಬಿಡು. ಆದರೆ ಸೀನಿಯರ್‌ಗೆ ಹೇಳಬೇಡ, ಬೇಟಾ. ಅವನೂ ನಾನು ಎದುರಿಗಿದ್ದಾಗ ಮಾತ್ರ ಓಡುವುದು."

೫. ಬುಟಿಬೋರಿ

ಮಾರ್ಚ್‌ನಲ್ಲಿ ಕೊನೆಯ ಪರೀಕ್ಷೆ, ಫ್ಯಾಕ್ಟರಿಯಲ್ಲೇ, ನಿಜವಾದ ಲಾರಿಯ ಜೊತೆ. ಮೂವರೂ ಬೆಳಗ್ಗೆ ಬಸ್ಸು ಹಿಡಿದು ಹೋದೆವು. ಸಾಹೇಬರು ಶಕುನಕ್ಕೆಂದು ಎರಡೂ ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ವೇಬ್ರಿಡ್ಜ್ ಕ್ಯಾಬಿನ್ನಿನ ಕಿಟಕಿಯ ಮೇಲೆ ಅವನ್ನು ಕಟ್ಟಿದೆ.

ಪರೀಕ್ಷೆ ಹೇಗಿರಬೇಕೆಂದು ಬರೆದುಕೊಟ್ಟವಳು ನಾನೇ. ಒಂದೇ ಲಾರಿ, ಒಂದೇ ಸರಕು, ಮೂವತ್ತು ಸಲ ತೂಗಬೇಕು. ಒಮ್ಮೆ ಅಳೆದದ್ದು ಅಳತೆಯಲ್ಲ ಎಂದು ಕಾಲೇಜಿನ ಲ್ಯಾಬಿನಲ್ಲಿ ಕಲಿಸಿದ್ದರು. ಮೊದಲ ತೂಕಕ್ಕೂ ಆಮೇಲಿನ ತೂಕಕ್ಕೂ ಹತ್ತು ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನನ್ನ ಟೆಸ್ಟ್ ಕೆಂಪು ತೋರಿಸುತ್ತದೆ.

"ಮೂರು ಸಲ ಸಾಕಾಗಿತ್ತು," ಎಂದು ಸೀನಿಯರ್ ಬಸ್ಸಿನುದ್ದಕ್ಕೂ ಗೊಣಗಿದ್ದರು. "ಮೂವತ್ತು ಸಲ ನೋಡಿದರೆ ಯಾರಲ್ಲಿ ತಪ್ಪು ಸಿಗುವುದಿಲ್ಲ, ಸೈಂಟಿಸ್ಟ್?"

ಫ್ಯಾಕ್ಟರಿಯ ಸ್ಟೋರ್ಸ್ ಅಧಿಕಾರಿ ದೊಡ್ಡ ಮೀಸೆಯವರು, ಮರ್ಯಾದಸ್ಥರು. ನಾವು ನೀರು ಕೇಳಿದ್ದಕ್ಕೆ ನೊಂದುಕೊಂಡರು. "ಸಂತ್ರಾ ಸೀಸನ್‌ನಲ್ಲಿ ನಮ್ಮ ಫ್ಯಾಕ್ಟರಿಗೆ ಬಂದು ನೀರು ಕುಡಿಯುತ್ತೀರಾ? ನಮಗೆ ಅವಮಾನ." ಕ್ಯಾಂಟೀನಿನವರನ್ನು ಕರೆದು ಅಪ್ಪಣೆ ಕೊಟ್ಟರು. "ಇವರ ಕೆಲಸ ಮುಗಿಯುವ ತನಕ ತಾಜಾ ರಸ ನಿಲ್ಲಬಾರದು. ನೋಡಲು ನಿಂತಿರುವ ನಮ್ಮವರಿಗೂ ಕೊಡು."

ಪರೀಕ್ಷೆಗೆ ಸಿಕ್ಕ ಲಾರಿಯೂ ಸಂತ್ರಾದ್ದೇ. ಹುಲ್ಲು ಹಾಸಿ ಮೇಲೆ ಬಿಡಿಯಾಗಿ ಸುರಿದಿದ್ದರು. ಅದು ವೇಬ್ರಿಡ್ಜ್ ಹತ್ತಬೇಕು, ನಿಲ್ಲಬೇಕು, ಇಳಿಯಬೇಕು, ಕ್ಯಾಂಟೀನಿನ ಹಿಂದಿನಿಂದ ಒಂದು ಸುತ್ತು ಹಾಕಿ ಮತ್ತೆ ಬರಬೇಕು.

ಮೊದಲ ಸುತ್ತು: ೧೪,೨೬೦ ಕೆಜಿ. ಚೀಟಿ ನಾಲ್ಕು ಸೆಕೆಂಡಿನಲ್ಲಿ ಬಂತು. ಹಸಿರು ಬಲ್ಬು. ಟ್ರೇಯಲ್ಲಿ ರಸ ಬಂತು.

ಎರಡನೆಯ ಸುತ್ತು: ೧೪,೨೫೦. ಹಸಿರೇ. ರಸ ಬಂತು.

ಮೂರನೆಯ ಸುತ್ತು: ೧೪,೨೩೫. ಕೆಂಪು ಬಲ್ಬು ಹತ್ತಿತು. ಡ್ರೈವರ್ ಅದನ್ನು ಸಿಗ್ನಲ್ ಎಂದುಕೊಂಡು ವೇಬ್ರಿಡ್ಜ್ ಮೇಲೆಯೇ ನಿಂತುಬಿಟ್ಟ. ಅವನನ್ನು ಇಳಿಸಲು ಬಲ್ಬಿನ ಮೇಲೆ ಬಟ್ಟೆ ಮುಚ್ಚಬೇಕಾಯಿತು. ರಸ ಬಂತು.

ನಾಲ್ಕನೆಯ ಸುತ್ತು: ೧೪,೨೨೦.

ಅಧಿಕಾರಿ ಮೀಸೆಯ ಮೇಲಿನ ನೊರೆ ಒರೆಸಿಕೊಂಡರು. "ಇದೇನು? ಸುತ್ತಿಗೆ ಹತ್ತು ಹದಿನೈದು ಕೆಜಿ ಮಾಯವಾಗುತ್ತಿದೆ. ನಿಮ್ಮ ಪ್ರೋಗ್ರಾಮ್ ತಿನ್ನುತ್ತಿದೆಯಾ?"

ಸಾಹೇಬರು ಒಂದು ಗ್ಲಾಸು ರಸ ಒಂದೇ ಗುಟುಕಿಗೆ ಕುಡಿದರು. ಸೀನಿಯರ್ ನನ್ನ ಕಿವಿಯ ಹತ್ತಿರ ಬಗ್ಗಿದರು. "ಟೆಸ್ಟಿನಲ್ಲಿ ಹತ್ತು ಕೆಜಿ ಅಂತ ಇದೆಯಲ್ಲ, ಅದನ್ನು ಐನೂರು ಮಾಡು. ಜಲ್ದಿ."

"ಐನೂರು ಮಾಡಿದರೆ ಲಾರಿಯ ಮೇಲೆ ಎಮ್ಮೆ ಹತ್ತಿದರೂ ಗೊತ್ತಾಗುವುದಿಲ್ಲ ಸರ್."

"ಇಲ್ಲಿ ಎಮ್ಮೆ ಎಲ್ಲಿದೆ?"

ಸಾಹೇಬರೂ ಮೆಲ್ಲಗೆ ಹೇಳಿದರು, "ಮಾಡಿಬಿಡು ಬೇಟಾ. ನಿನ್ನ ನೌಕರಿಯೂ ಇದರಲ್ಲೇ ಇದೆ."

ನನಗೆ ಗದಗದ ರೈಲು ಕಣ್ಣ ಮುಂದೆ ಬಂತು. ಮನೆಯಲ್ಲಿ ಅವ್ವ ಆಗಲೇ ಅಟ್ಟದ ಪಾತ್ರೆ ಇಳಿಸಿದ್ದರು. ಆದರೂ ಸಂಖ್ಯೆ ಬದಲಿಸಲು ಕೈ ಬರಲಿಲ್ಲ. ಚೀಟಿಯ ಹಿಂದೆ ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆದೆ. ಹೆಚ್ಚುಕಡಿಮೆ ನೇರ ಗೆರೆ. ಪ್ರೋಗ್ರಾಮಿನ ತಪ್ಪು ಇಷ್ಟು ನೆಟ್ಟಗಿರುವುದಿಲ್ಲ, ಅದರಲ್ಲೂ ಸೀನಿಯರ್ ಬರೆದ ಪ್ರೋಗ್ರಾಮಿನದು. ಡೀಸೆಲ್ ಲೆಕ್ಕ ಹಾಕಿದೆ. ಅಷ್ಟು ಸಣ್ಣ ಸುತ್ತಿಗೆ ಕಾಲು ಕೆಜಿಯೂ ಉರಿಯುವುದಿಲ್ಲ. ಅಂದರೆ ತೂಕ ನಿಜವಾಗಿಯೇ ಕಡಿಮೆಯಾಗುತ್ತಿತ್ತು, ಮತ್ತು ಅದು ನಮಗೆ ಕಾಣದ ಕಡೆ, ಕ್ಯಾಂಟೀನಿನ ಹಿಂದೆ.

"ಮುಂದಿನ ಸುತ್ತಿಗೆ ನಾನೂ ಲಾರಿಯಲ್ಲಿ ಹೋಗುತ್ತೇನೆ," ಎಂದೆ.

ಡ್ರೈವರ್ ಪಕ್ಕ ಹತ್ತಿ ಕೂತೆ. ಲಾರಿ ತಿರುಗಿತು. ಕ್ಯಾಂಟೀನಿನ ಹಿಂದೆ ಬಂದಾಗ ಡ್ರೈವರ್ ಯಾರೂ ಹೇಳದೆಯೇ ನಿಲ್ಲಿಸಿದ. ಅಲ್ಲಿ ಕ್ಯಾಂಟೀನಿನವರು ದೊಡ್ಡ ಬುಟ್ಟಿ ಹಿಡಿದು ನಿಂತಿದ್ದರು. ಹಿಂದೆ ಹಣ್ಣಿನ ಮೇಲೆ ಕೂತಿದ್ದ ಹಮಾಲ ಬುಟ್ಟಿ ತುಂಬಿ ಇಳಿಸಿದ.

"ಇದು ಯಾರಿಗೆ ಕಾಕಾ?" ಎಂದು ಕೇಳಿದೆ.

"ನಾಗಪುರದಿಂದ ಕಂಪ್ಯೂಟರಿನವರು ಬಂದಿದ್ದಾರೆ ಮ್ಯಾಡಮ್, ಅವರಿಗೆ. ನಮ್ಮ ಸ್ಟೋರ್ಸ್ ಸಾಹೇಬರ ಆರ್ಡರ್ ಇದೆ, ನಿಲ್ಲಬಾರದು ಅಂತ." ಬುಟ್ಟಿ ತಲೆಗೆ ಏರಿಸಿಕೊಂಡರು. "ಪಾಪ, ಏನೋ ದೊಡ್ಡ ತೊಂದರೆಯಲ್ಲಿದ್ದಾರಂತೆ. ಎಷ್ಟು ಕೊಟ್ಟರೂ ಕುಡಿಯುತ್ತಿದ್ದಾರೆ."

ಡ್ರೈವರ್ ಲಾರಿ ಬಿಟ್ಟ. ನಾನು ಕೆಳಗಿಳಿದು ಓಡಿಹೋಗಿ ಹೇಳಬೇಕೆನ್ನುವಷ್ಟರಲ್ಲಿ ವೇಬ್ರಿಡ್ಜ್ ಮೇಲೆ ಬಂದಾಗಿತ್ತು. ಕಿಟಕಿಯ ಮೇಲೆ ಹಸಿರು ಬಲ್ಬು ಹತ್ತಿತು.

ಒಳಗೆ ಚಪ್ಪಾಳೆ. "೧೪,೨೬೦!" ಎಂದು ಸೀನಿಯರ್ ಕೂಗಿದರು. "ಮೊದಲಿನಷ್ಟೇ! ತಾನಾಗಿ ಸರಿಹೋಯಿತು! ನಾನು ಕೀ ಜೋರಾಗಿ ಒತ್ತಿದೆ!"

ಲೆಕ್ಕ ನನಗೆ ಕೂತಲ್ಲೇ ಹೊಳೆಯಿತು. ನಾಲ್ಕು ಬುಟ್ಟಿ ಹಣ್ಣು ಹೋಗಿತ್ತು, ನಾನು ಬಂದಿದ್ದೆ. ಬಾಗಿಲು ತೆರೆದು ಇಳಿಯಲು ಕಾಲು ಹಾಕಿದೆ. ಕಿಟಕಿಯಿಂದ ಸಾಹೇಬರು ಎರಡೂ ಕೈ ಬೀಸಿದರು.

"ಇಳಿಯಬೇಡ ಬೇಟಾ! ಮೂವತ್ತು ಸುತ್ತು ಮುಗಿಯುವ ತನಕ ಅಲ್ಲೇ ಕೂತಿರು!"

ಇಳಿದು ವೇಬ್ರಿಡ್ಜ್‌ನಿಂದ ಆಚೆ ಬಂದೆ. ಕೆಂಪು ಬಲ್ಬು ಹತ್ತಿತು. ೧೪,೨೧೦. ನಮ್ಮ ಪ್ರೋಗ್ರಾಮ್ ನನ್ನ ತೂಕವನ್ನು ಇಡೀ ಫ್ಯಾಕ್ಟರಿಯ ಮುಂದೆ ತೋರಿಸಿತ್ತು. ಅಧಿಕಾರಿ ಎರಡೂ ಚೀಟಿ ಪಕ್ಕಪಕ್ಕ ಹಿಡಿದು, ಕಳೆದು ನೋಡಿ, ನನ್ನನ್ನೊಮ್ಮೆ ನೋಡಿ ಹೇಳಿದರು, "ಐವತ್ತು. ಬರೋಬರ್ ಇರಬೇಕು."

ಕ್ಯಾಂಟೀನಿನ ಹಿಂದೆ ಕಂಡದ್ದನ್ನು ಹೇಳಿದೆ. ಅಧಿಕಾರಿಯ ಕೈಯಲ್ಲಿ ಗ್ಲಾಸಿತ್ತು. ಸಾಹೇಬರ ಕೈಯಲ್ಲಿತ್ತು. ನೋಡಲು ನಿಂತವರ ಕೈಯಲ್ಲೂ ಇತ್ತು. ಸೀನಿ‌ಯರ್‌ನ ಎರಡೂ ಕೈಯಲ್ಲಿತ್ತು. ಎಲ್ಲರೂ ತಮ್ಮ ತಮ್ಮ ಗ್ಲಾಸಿನೊಳಗೆ ನೋಡಿದರು.

ಮೊದಲು ಚೇತರಿಸಿಕೊಂಡದ್ದು ಸಾಹೇಬರು. "ಹಾಗಾದರೆ ರಸ ಕುಡಿದವರೆಲ್ಲ ಲಾರಿ ಹತ್ತಿದರೆ, ನಮ್ಮ ತೂಕ ಕಳೆದ ಮೇಲೆ, ಮೊದಲಿನ ತೂಕ ಬರಬೇಕಲ್ಲ ಬೇಟಾ?"

"ಸಿಪ್ಪೆಯನ್ನೂ ತಂದರೆ ಬರುತ್ತದೆ," ಎಂದೆ.

ಅಧಿಕಾರಿ ಮೀಸೆ ಅಲುಗುವಷ್ಟು ನಕ್ಕರು. ಕ್ಯಾಂಟೀನಿನವರಿಗೆ ಹೇಳಿ ಕಳಿಸಿದರು. "ರಸ ಬಂದ್. ಚಹಾ ಕೊಡು." ಆಮೇಲೆ ಮೊದಲಿನಿಂದ ಮೂವತ್ತು ಸುತ್ತು ತೂಗಿದೆವು. ಒಂದು ಸಲವೂ ಕೆಂಪು ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಡ್ರೈವರ್‌ಗೆ ತಲೆ ತಿರುಗುತ್ತಿತ್ತು. ಅಧಿಕಾರಿ ಒಪ್ಪಿ ಸಹಿ ಹಾಕಿದರು. "ಹಣ್ಣು ಕದ್ದರೆ ಹಿಡಿಯುವ ಯಂತ್ರ ಬೇಕು ಅಂತ ಕೇಳಿದ್ದೆ," ಎಂದರು. "ಮೊದಲ ದಿನವೇ ನನ್ನನ್ನೇ ಹಿಡಿಯಿತು."

ಮರುದಿನ ಸಾಹೇಬರು ನೌಕರಿ ಖಾಯಂ ಎಂದು ಟೈಪ್ ಮಾಡಿಸಿ ಕೊಟ್ಟರು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಚೆಕ್ ನೋಡುವ ಹಾಗೆ ಹಿಂದೆ ಮುಂದೆ ನೋಡಿದರು. "ಚಲೋ ಆತು," ಎಂದರು. "ನಿಮ್ಮ ಚಿಗವ್ವಗ ಒಂದು ಹಾಸಿಗಿ ಹಾಕಾಕ ಹೇಳ್ತೀನಿ." ಅವ್ವ ಅಟ್ಟದಿಂದ ಇಳಿಸಿದ ಪಾತ್ರೆಗಳಲ್ಲಿ ನನಗೆಂದು ಎರಡು ಬೇರೆ ತೆಗೆದಿಟ್ಟರು.

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಮೊದಲ ಪರೀಕ್ಷೆ ಯಾಕೆ ತಪ್ಪಿತು ಎಂಬ ವರದಿ. ಕ್ಯಾಂಟೀನಿನವರಿಗೆ ಫೋನ್ ಮಾಡಿ ವಿಚಾರಿಸಿ, ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆ.

ಪ್ರೋಗ್ರಾಮಿನ ತಪ್ಪು: ಸೊನ್ನೆ. ತೂಕ ಕಡಿಮೆಯಾಗಲು ಕಾರಣ: ಸಂತ್ರಾ ರಸ. ನಾನು: ಎರಡು ಗ್ಲಾಸು. ಅಧಿಕಾರಿಗಳು: ನಾಲ್ಕು. ಸಾಹೇಬರು: ಆರು. ಸೀನಿಯರ್: ಹನ್ನೊಂದು.